ಚರ್ಮದ ಒಕ್ಕಲು, ಮೂಳೆಯ ಕಳ್ಳ

ನಮ್ಮ ಸೋದರಮಾವ ತಮ್ಮ ಬಲಭುಜದ ಕಾಗದಪತ್ರಗಳನ್ನೆಲ್ಲ ಬಟ್ಟೆ ಅಂಗಡಿಯ ಹಳದಿ ಕೈಚೀಲವೊಂದರಲ್ಲಿ ತುಂಬಿಟ್ಟಿದ್ದಾರೆ. ಸ್ಕೂಟರಿನಿಂದ ಬಿದ್ದು ತೋಳಿನ ಮೂಳೆ ಭುಜದ ಹತ್ತಿರವೇ ಮುರಿದದ್ದು, ಪ್ಲೇಟು ಸ್ಕ್ರೂ ಹಾಕಿ ಕೂಡಿಸಿದ್ದು, ನಾಲ್ಕು ತಿಂಗಳಿಗೆ ಮೂಳೆ ಬೆಸೆದುಕೊಂಡದ್ದು, ಎಲ್ಲದರ ಎಕ್ಸ್-ರೇ ಅದರಲ್ಲಿದೆ. ಅಲ್ಲಿಗೇ ಮುಗಿಯಬೇಕಿತ್ತು. ವರ್ಷ ಕಳೆದ ಮೇಲೆ ಭುಜ ಬಿಗಿಯತೊಡಗಿತು. ತಲೆ ಬಾಚಲು ಕೈಯೆತ್ತಿದರೆ ಒಳಗೊಳಗೇ ನೋವು. ರಾತ್ರಿ ಆ ಮಗ್ಗುಲಿಗೆ ಹೊರಳುವಂತಿಲ್ಲ. ಜ್ವರವಿಲ್ಲ, ಹೊಲಿಗೆಯ ಗೆರೆ ಒಣಗಿ ಬೆಳ್ಳಗಾಗಿದೆ, ಕೀವು, ಕೆಂಪು, ಬಾವು ಒಂದೂ ಇಲ್ಲ. ರಕ್ತದ ಇಎಸ್‌ಆರ್ ಕೂಡ ಸರಿಯಾಗಿಯೇ ಇತ್ತು. ‘ಫ್ರೋಜನ್ ಶೋಲ್ಡರ್’ ಅಂದರು, ವ್ಯಾಯಾಮ ಹೇಳಿಕೊಟ್ಟರು. ಮಧ್ಯೆ ಎರಡು ಸಲ ಮಾವ ಮೆಡಿಕಲ್ ಶಾಪಿನಿಂದ ಐದೈದು ದಿನದ ಆ್ಯಂಟಿಬಯಾಟಿಕ್ ತಂದು ನುಂಗಿದರು. ಪ್ರತಿಸಲವೂ ಸ್ವಲ್ಪ ಹಗುರಾಯಿತು, ಮತ್ತೆ ಶುರುವಾಯಿತು.

ಆ ಚೀಲದಲ್ಲಿ ಎರಡು ಲ್ಯಾಬ್ ರಿಪೋರ್ಟುಗಳಿವೆ. ಒಂದರಲ್ಲಿ ‘48 ಗಂಟೆಗಳ ನಂತರ ಬೆಳವಣಿಗೆ ಇಲ್ಲ’ ಎಂದಿದೆ. ಇನ್ನೊಂದರಲ್ಲಿ ‘ಚರ್ಮವಾಸಿ ಬ್ಯಾಕ್ಟೀರಿಯಾ; ಮಾದರಿ ಕಲುಷಿತವಾಗಿರುವ ಸಂಭವ’ ಎಂದಿದೆ. ಬರೆದವರು ಯಾರೂ ಸುಳ್ಳು ಬರೆದಿರಲಿಲ್ಲ. ಆದರೂ ಈ ಎರಡು ಕಾಗದಗಳ ನಡುವೆ ಮಾವನ ಎಂಟು ತಿಂಗಳು ಕಳೆದುಹೋದವು. ಮೂಳೆ-ಕೀಲಿನ ಸರ್ಜನ್‌ಗಳೂ ಲ್ಯಾಬಿನವರೂ ದಶಕಗಳಿಂದ ಜಗ್ಗಾಡುತ್ತಿರುವ ತಕರಾರೊಂದು ಆ ಎರಡು ಸಾಲುಗಳಲ್ಲಿದೆ. ಚರ್ಮದ ಮೇಲೆ ಸಾಧುವಾಗಿ ಬಾಳುವ ಬ್ಯಾಕ್ಟೀರಿಯಾ ಲೋಹದ ಪಕ್ಕದಲ್ಲಿ ಸಿಕ್ಕಿಬಿದ್ದರೆ ಕಳ್ಳನೆಂದು ಹಿಡಿಯಬೇಕೋ, ದಾರಿಹೋಕನೆಂದು ಬಿಡಬೇಕೋ?

ಮೊದಲು ಈ ಒಕ್ಕಲುಗಳ ಪರಿಚಯವಾಗಲಿ. 1880ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ದುಂಡು ಜೀವಿಗಳು ಕಂಡವು. ಗ್ರೀಕಿನ ಗೊಂಚಲಿನಿಂದಲೇ ಅವುಗಳಿಗೆ ಸ್ಟ್ಯಾಫಿಲೋಕಾಕಸ್ ಎಂಬ ಹೆಸರು ಬಂತು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಇವುಗಳನ್ನು ಬಣ್ಣ ನೋಡಿ ವಿಂಗಡಿಸಿದ: ಬಂಗಾರದ ಬಣ್ಣದ್ದು ಆರಿಯಸ್, ಬಿಳಿಯದು ಆಲ್ಬಸ್. ಬಂಗಾರದ್ದು ಅಂದಿನಿಂದಲೂ ಖಳನಾಯಕ. ಬಿಳಿಯದರ ಇಂದಿನ ಹೆಸರು ಎಪಿಡರ್ಮಿಡಿಸ್. ಎಲ್ಲರ ಮೈಮೇಲೂ ಇರುವ ಇದು ಯಾರಿಗೂ ಕೇಡು ಮಾಡದೆಂದು ನಂಬಿ, ಲ್ಯಾಬಿನವರು ದಶಕಗಟ್ಟಲೆ ಅದು ಬೆಳೆದ ತಟ್ಟೆಯನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು.

ಎರಡನೆಯ ಒಕ್ಕಲು ಮೊಡವೆಯಿಂದ ಹೆಸರು ಪಡೆದದ್ದು. ವೈದ್ಯರು ಇದನ್ನು ಬಹುಕಾಲ ಪ್ರಾಪಿಯೋನಿಬ್ಯಾಕ್ಟೀರಿಯಂ ಆ್ಯಕ್ನೆಸ್ ಎಂದು ಕರೆದರು; 2016ರಲ್ಲಿ ಕ್ಯುಟಿಬ್ಯಾಕ್ಟೀರಿಯಂ ಎಂದು ನಾಮಕರಣವಾಯಿತು. ಹಳೆಯ ಸರ್ಜನ್‌ಗಳ ಬಾಯಲ್ಲಿ ಈಗಲೂ ‘ಪಿ ಆ್ಯಕ್ನೆಸ್’. ಇದಕ್ಕೆ ಗಾಳಿ ಒಗ್ಗದು, ಎಣ್ಣೆಜಿಡ್ಡು ಬೇಕು. ಆದ್ದರಿಂದ ಚರ್ಮದ ಮೇಲ್ಮೈಗಿಂತ ಕೂದಲ ಬುಡದ ಜಿಡ್ಡಿನ ಗ್ರಂಥಿಗಳ ಆಳದಲ್ಲಿ ಮನೆ ಮಾಡುತ್ತದೆ. ಮುಖ, ಎದೆ, ಬೆನ್ನಿನ ಮೇಲ್ಭಾಗ, ಭುಜ ಇದರ ಸೀಮೆ. ಹೆಂಗಸರಿಗಿಂತ ಗಂಡಸರ ಭುಜದಲ್ಲಿ ಇದರ ಸಂಸಾರ ದೊಡ್ಡದು. ಜಿಡ್ಡನ್ನು ಒಡೆದು ಆಮ್ಲ ಮಾಡಿ ಚರ್ಮವನ್ನು ಹುಳಿಯಾಗಿಟ್ಟು, ಹೊರಗಿನ ಪುಂಡ ಬ್ಯಾಕ್ಟೀರಿಯಾಗಳು ನೆಲೆಯೂರದಂತೆ ಕಾಯುವುದೂ ಇದೇ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಹೀಗೆ.

ಮೂರನೆಯದನ್ನು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 1988ರಲ್ಲಿ ಫ್ರಾನ್ಸಿನ ಲಿಯೋಂ ನಗರದಲ್ಲಿ ಗುರುತಿಸಿದ ಸ್ಟ್ಯಾಫಿಲೋಕಾಕಸ್ ಲುಗ್ಡುನೆನ್ಸಿಸ್ ಎಂಬುದಿದೆ (ಆ ಊರಿನ ರೋಮನ್ ಕಾಲದ ಹೆಸರು ಲುಗ್ಡುನಮ್). ಜಾತಿಯಲ್ಲಿ ಎಪಿಡರ್ಮಿಡಿಸ್‌ನ ಕಡೆಯದು, ನಡತೆಯಲ್ಲಿ ಆರಿಯಸ್. ರಿಪೋರ್ಟಿನಲ್ಲಿ ಈ ಹೆಸರು ಕಂಡರೆ ‘ಚರ್ಮದ್ದು ಬಿಡಿ’ ಎನ್ನುವಂತಿಲ್ಲ.

ಇಷ್ಟು ಸಾಧುವಾದವು ಮೂಳೆಯ ಹತ್ತಿರ ಯಾಕೆ ಕೆಡುತ್ತವೆ? ಉತ್ತರ ಬಹುಪಾಲು ಲೋಹದಲ್ಲಿದೆ. 1957ರಲ್ಲಿ ಲಂಡನ್ನಿನ ಎಲೆಕ್ ಮತ್ತು ಕೋನೆನ್ ಮಾಡಿದ ಪ್ರಯೋಗವೊಂದನ್ನು ಇಂದು ಯಾವ ನೈತಿಕ ಸಮಿತಿಯೂ ಒಪ್ಪಲಾರದು. ಸ್ವಯಂಸೇವಕರ ಚರ್ಮದೊಳಕ್ಕೆ ಸ್ಟ್ಯಾಫಿಲೋಕಾಕಸ್ ಚುಚ್ಚಿ, ಕೀವಾಗಲು ಎಷ್ಟು ಬೇಕೆಂದು ಅವರು ಎಣಿಸಿದರು. ಬರೀ ಚರ್ಮದಲ್ಲಿ ದಶಲಕ್ಷಗಟ್ಟಲೆ ಬೇಕಾಯಿತು. ಅದೇ ಜಾಗದಲ್ಲಿ ಒಂದೆಳೆ ರೇಷ್ಮೆ ಹೊಲಿಗೆದಾರ ಬಿಟ್ಟರೆ ನೂರರ ಲೆಕ್ಕದಷ್ಟು ಸಾಕಾಯಿತು. ಒಂದೆಳೆ ದಾರಕ್ಕೇ ಹೀಗಾದರೆ ಅಂಗೈಯಗಲದ ಟೈಟೇನಿಯಂ ಪ್ಲೇಟಿನ ಕಥೆ ಏನು!

ಅಮೆರಿಕದ ಆಂಥೊನಿ ಗ್ರಿಸ್ಟಿನಾ 1987ರಲ್ಲಿ ಇದಕ್ಕೊಂದು ಚಿತ್ರ ಕೊಟ್ಟರು. ಲೋಹ ಒಳಗೆ ಹೋದ ಕ್ಷಣದಿಂದ ಅದರ ಮೇಲ್ಮೈಗಾಗಿ ಓಟದ ಪಂದ್ಯ. ಒಂದು ಕಡೆ ದೇಹದ ಕೋಶಗಳು, ಇನ್ನೊಂದು ಕಡೆ ಬ್ಯಾಕ್ಟೀರಿಯಾ. ದೇಹದ ಕೋಶಗಳು ಮೊದಲು ಹರಡಿದರೆ ಜಾಗ ನಮ್ಮದು. ಬ್ಯಾಕ್ಟೀರಿಯಾ ಮೊದಲು ಕೂತರೆ ಅಂಟಿನಂಥ ಸಕ್ಕರೆಪದಾರ್ಥ ಸ್ರವಿಸಿ ಹೊದಿಕೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಮಳೆಗಾಲದಲ್ಲಿ ಬಾವಿಕಟ್ಟೆಯ ಕಲ್ಲಿನ ಮೇಲೆ ಕೂರುವ ಪಾಚಿಯನ್ನು ಕಾಲಲ್ಲಿ ಮುಟ್ಟಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊದಿಕೆಯ ಆಳದಲ್ಲಿರುವವು ಹೊಟ್ಟೆಗೆ ಕಡಿಮೆ ತಿಂದು, ವಿಭಜನೆಯನ್ನೂ ತಗ್ಗಿಸಿ, ಅರೆನಿದ್ದೆಯಲ್ಲಿರುತ್ತವೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲಲೆಂದೇ ಇರುವ ಔಷಧಕ್ಕೆ ಮಲಗಿದ್ದನ್ನು ಕೊಲ್ಲುವುದು ಕಷ್ಟ. ನೂರಾರು ಪಟ್ಟು ಹೆಚ್ಚು ಪ್ರಮಾಣ ಬೇಕಾಗುತ್ತದೆ. ಮಾವನಿಗೆ ಐದು ದಿನದ ಮಾತ್ರೆಯಲ್ಲಿ ಸ್ವಲ್ಪ ಹಗುರಾಗಿ ಮತ್ತೆ ಮೊದಲಿನಂತಾದದ್ದು ಇದರಿಂದಲೇ. ಹೊದಿಕೆಯ ಹೊರಗೆ ಓಡಾಡಿಕೊಂಡಿದ್ದವು ಸತ್ತವು, ಒಳಗಿನವು ಹಾಗೇ ಉಳಿದವು.

ಪತ್ತೆಯ ವಿಷಯವೇ ಇಡೀ ಪ್ರಶ್ನೆಯ ನಡುಗಂಬ, ಇಲ್ಲಿ ತುಸು ಹೊತ್ತು ನಿಲ್ಲಬೇಕು. ಆರಿಯಸ್ ಹೊಕ್ಕರೆ ಜ್ವರ, ಬಾವು, ಕೀವು ಎಲ್ಲ ಡಂಗುರ ಹೊಡೆದು ಬರುತ್ತವೆ. ಚರ್ಮದ ಒಕ್ಕಲುಗಳು ಸದ್ದಿಲ್ಲದೆ ಬರುತ್ತವೆ. ರಕ್ತದಲ್ಲಿ ಉರಿಯೂತದ ಸುಳಿವು ಕೊಡುವ ಸಿಆರ್‌ಪಿ, ಇಎಸ್‌ಆರ್ ಏರಿದ್ದರೆ ಅನುಮಾನಕ್ಕೆ ಬಲ ಬರುತ್ತದೆ, ಆದರೆ ಏರಿಲ್ಲವೆಂದ ಮಾತ್ರಕ್ಕೆ ಸೋಂಕಿಲ್ಲ ಎನ್ನಲಾಗದು. ಭುಜದ ಆ್ಯಕ್ನೆಸ್ ಸೋಂಕಿನಲ್ಲಿ ಎರಡೂ ಸರಿಯಾಗಿರುವುದು ಮಾಮೂಲು. ಕೃತಕ ಮಂಡಿ, ಸೊಂಟದ ಕೀಲುಗಳಲ್ಲಿ ಸೂಜಿ ಹಾಕಿ ತೆಗೆದ ದ್ರವದ ಬಿಳಿರಕ್ತಕಣ ಎಣಿಸುವುದು ಇದಕ್ಕಿಂತ ಒಳ್ಳೆಯ ದಾರಿ. ಹಳೆಯ ಆಪರೇಷನ್ನಿನ ಕೀಲಿನಲ್ಲಿ ಒಂದು ಮೈಕ್ರೋಲೀಟರಿಗೆ 3,000 ದಾಟಿದರೆ ಗಂಟೆ ಬಾರಿಸಿದ ಹಾಗೆ. ಮಾಮೂಲಿ ಮಂಡಿಗೆ ಬಳಸುವ 50,000ದ ಅಳತೆಯನ್ನು ಇಲ್ಲಿಗೂ ಹಿಡಿದು ಕೂತವರಿಂದ ಎಷ್ಟು ಕೀಲುಗಳು ತಪ್ಪಿಸಿಕೊಂಡಿವೆಯೋ.

ಕೊನೆಗೂ ಬೇಕಾಗುವುದು ಕಲ್ಚರ್. ಬ್ಯಾಕ್ಟೀರಿಯಾವನ್ನು ಬೆಳೆಸಿ ಮುಖ ನೋಡಬೇಕು. ಮೊದಲ ಗಂಡಾಂತರ ಅಲ್ಲೇ. ಚರ್ಮದ ಮೂಲಕ ಹಾಯುವ ಸೂಜಿ, ಚಾಕು, ಕೈಗವಸು, ಲ್ಯಾಬಿನ ಮೇಜು, ಎಲ್ಲಿಂದ ಬೇಕಾದರೂ ಇದೇ ಬ್ಯಾಕ್ಟೀರಿಯಾ ಬಾಟಲಿಗೆ ಬೀಳಬಹುದು. ಒಂದು ಬಾಟಲಿಯಲ್ಲಿ ಎಪಿಡರ್ಮಿಡಿಸ್ ಬೆಳೆದರೆ ಅದು ಮೂಳೆಯದೋ ಸರ್ಜನ್ನನ ಹೆಬ್ಬೆರಳಿನದೋ ಯಾವ ಸೂಕ್ಷ್ಮದರ್ಶಕವೂ ಹೇಳಲಾರದು.

ಇದಕ್ಕೆ ದಾರಿ ತೋರಿದ್ದು ಆಕ್ಸ್‌ಫರ್ಡ್‌ನ ತಂಡ. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದ ತಿರುಳು ಸರಳ: ಒಂದೇ ಮಾದರಿಯನ್ನು ನಂಬಬೇಡಿ. ಆಪರೇಷನ್ನಿನಲ್ಲಿ ಬೇರೆಬೇರೆ ಜಾಗದಿಂದ, ಪ್ರತಿಯೊಂದಕ್ಕೂ ಬೇರೆ ಉಪಕರಣ ಬಳಸಿ ಐದಾರು ಚೂರು ಅಂಗಾಂಶ ತೆಗೆಯಿರಿ. ಮೂರು ಅಥವಾ ಹೆಚ್ಚು ಚೂರುಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಸಿಕ್ಕರೆ ಸೋಂಕು ಬಹುಮಟ್ಟಿಗೆ ಖಚಿತ. ಊರ ಪಂಚಾಯಿತಿಯಲ್ಲಿ ಒಬ್ಬನ ಮಾತು ಕೇಳಿ ತೀರ್ಪು ಕೊಡದ ಹಾಗೆಯೇ ಇದು. ಕೃತಕ ಕೀಲಿನ ಸೋಂಕಿಗೆ 2011, 2013, 2018, 2021ರಲ್ಲಿ ತಜ್ಞರ ಕೂಟಗಳು ಹೊಸಹೊಸ ವ್ಯಾಖ್ಯೆ ಬರೆದವು. ಅಂಕ ಹಾಕುವ ರೀತಿ ಬದಲಾಯಿತು, ಆದರೆ ಕನಿಷ್ಠ ಎರಡು ಮಾದರಿಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಎಂಬುದು ಎಲ್ಲದರಲ್ಲೂ ಉಳಿದಿದೆ. ಹತ್ತು ವರ್ಷಕ್ಕೆ ನಾಲ್ಕು ವ್ಯಾಖ್ಯೆ ಬೇಕಾದವು ಎಂಬುದೇ ಆಸಾಮಿ ಎಷ್ಟು ಜಾರುವವನೆಂದು ಹೇಳುತ್ತದೆ. ಹತ್ತಿಬತ್ತಿಯಲ್ಲಿ ಗಾಯದ ಬಾಯಿ ಒರೆಸಿ ಕಳಿಸುವ ಸ್ವಾಬ್ ಈ ವಿಚಾರಣೆಯಲ್ಲಿ ಸಾಕ್ಷಿಯೇ ಅಲ್ಲ. ನಮ್ಮ ಎಷ್ಟೋ ವಾರ್ಡುಗಳಲ್ಲಿ ಇನ್ನೂ ಅದೇ ನಡೆಯುತ್ತಿದೆ.

ಎರಡನೆಯ ಗಂಡಾಂತರ ಅವಸರ. ಮಾಮೂಲಿ ಲ್ಯಾಬಿನಲ್ಲಿ ತಟ್ಟೆಯನ್ನು ಎರಡು ದಿನ, ಹೆಚ್ಚೆಂದರೆ ಐದು ದಿನ ಇನ್‌ಕ್ಯುಬೇಟರಿನಲ್ಲಿಟ್ಟು ಎತ್ತಿಬಿಡುತ್ತಾರೆ. ಕ್ಯುಟಿಬ್ಯಾಕ್ಟೀರಿಯಂ ಸೋಮಾರಿ. ಆಮ್ಲಜನಕವಿಲ್ಲದ ವಾತಾವರಣದಲ್ಲಿ 14 ದಿನದವರೆಗೂ ಕಾದರೇನೇ ಅದನ್ನು ತಪ್ಪಿಸಿಕೊಳ್ಳದಂತೆ ಹಿಡಿಯಬಹುದು. ಮಾವನ ಮೊದಲ ರಿಪೋರ್ಟಿನ ‘48 ಗಂಟೆ’ಯ ಮಾತು ನಿಜವೇ, ಅದು ಆಗಿನ್ನೂ ಕಣ್ಣೇ ಬಿಟ್ಟಿರಲಿಲ್ಲ.

ಹಾಗಂತ ಹೆಚ್ಚು ಕಾದಷ್ಟೂ ಸತ್ಯ ಹೊರಬರುತ್ತದೆಂದಲ್ಲ. ಎರಡು ವಾರ ಕಾದರೆ ಲ್ಯಾಬಿನಲ್ಲಿ ಬಿದ್ದ ಧೂಳೂ ಬೆಳೆಯುತ್ತದೆ. ಮೊದಲ ಸಲ ಭುಜದ ಆಪರೇಷನ್ ಮಾಡಿಸಿಕೊಳ್ಳುವ, ಸೋಂಕಿನ ಲಕ್ಷಣವೇ ಇಲ್ಲದವರಿಂದ ತೆಗೆದ ಚೂರುಗಳಲ್ಲೂ ಆ್ಯಕ್ನೆಸ್ ಸಿಗುತ್ತದೆ. ಗಾಯಕ್ಕೆ ಮುಟ್ಟಿಸದೆ ಬರೀ ಗಾಳಿಗೆ ಹಿಡಿದು ಕಳಿಸಿದ ಪರೀಕ್ಷಾಮಾದರಿಗಳಲ್ಲೂ ಕೆಲವೊಮ್ಮೆ ಬೆಳೆದದ್ದುಂಟು. ಇದಕ್ಕೆ ಸರ್ಜನ್‌ಗಳು ‘ನಿರೀಕ್ಷಿಸದ ಪಾಸಿಟಿವ್’ ಎನ್ನುತ್ತಾರೆ, ಅದರೆದುರು ಏನು ಮಾಡಬೇಕೆಂಬುದರಲ್ಲಿ ಒಮ್ಮತವಿಲ್ಲ. ನಾನು ನೋಡಿದ ಮಟ್ಟಿಗೆ ಎರಡು ಗುರುತುಗಳು ಕೆಲಸಕ್ಕೆ ಬರುತ್ತವೆ. ನಿಜವಾದ ಸೋಂಕಿನಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಮೊದಲ ವಾರದಲ್ಲೇ, ಹಲವು ಬಾಟಲಿಗಳಲ್ಲಿ ಮುಖ ತೋರಿಸುತ್ತದೆ. ಹತ್ತನೆಯ ದಿನದ ಮೇಲೆ ಒಂದೇ ಒಂದು ಬಾಟಲಿಯಲ್ಲಿ ಕಂಡರೆ ಅನುಮಾನದಿಂದ ನೋಡಬೇಕು. ಡಿಎನ್‌ಎ ಪರೀಕ್ಷೆ ಬಂದರೆ ಎಲ್ಲ ಬಗೆಹರಿಯುತ್ತದೆ ಎನ್ನುವವರಿದ್ದಾರೆ. ಅದು ಸತ್ತ ಬ್ಯಾಕ್ಟೀರಿಯಾದ ಚೂರನ್ನೂ ಹಿಡಿಯುವಷ್ಟು ಚುರುಕು. ಆದರೆ ನಮ್ಮ ಪ್ರಶ್ನೆ ಯಾರಿದ್ದಾರೆ ಎಂಬುದಲ್ಲ, ಯಾಕಿದ್ದಾರೆ ಎಂಬುದು.

ಅಂಟಿ ಕೂತದ್ದನ್ನು ಎಬ್ಬಿಸುವ ಒಂದು ಜಾಣತನವನ್ನು ಇಲ್ಲಿ ಹೇಳಲೇಬೇಕು. ತೆಗೆದ ಇಂಪ್ಲಾಂಟನ್ನು ದ್ರವದ ಡಬ್ಬಿಯಲ್ಲಿ ಮುಳುಗಿಸಿ, ಅಕ್ಕಸಾಲಿಗರ ಅಂಗಡಿಯಲ್ಲಿ ಸರ ತೊಳೆಯುವ ಯಂತ್ರದಂಥದೇ ಒಂದರಲ್ಲಿಟ್ಟು ಅಲ್ಟ್ರಾಸೌಂಡ್ ಅಲೆಯಿಂದ ಅಲುಗಾಡಿಸುತ್ತಾರೆ. ಪಾಚಿ ಕಳಚಿ ದ್ರವಕ್ಕೆ ಬೀಳುತ್ತದೆ, ಆ ದ್ರವವನ್ನೇ ಬೆಳೆಸುತ್ತಾರೆ. 2007ರಲ್ಲಿ ಟ್ರಾಂಪುಜ್ ಮತ್ತು ಸಂಗಡಿಗರು ಸೊಂಟ-ಮಂಡಿಯ ಕೃತಕ ಕೀಲುಗಳಲ್ಲಿ ಇದನ್ನು ಪರೀಕ್ಷಿಸಿದಾಗ ಅಂಗಾಂಶದ ಕಲ್ಚರ್ ಸೋಂಕಿನ 60.8 ಶೇಕಡಾ ಹಿಡಿದರೆ ಈ ದ್ರವದ ಕಲ್ಚರ್ 78.5 ಹಿಡಿಯಿತು. ಅದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಅದೇ ವರದಿಯ ಇನ್ನೊಂದು ಅಂಕಿ. ಆಪರೇಷನ್ನಿಗೆ ಹಿಂದಿನ 14 ದಿನದೊಳಗೆ ಆ್ಯಂಟಿಬಯಾಟಿಕ್ ತಿಂದಿದ್ದವರಲ್ಲಿ ಅಂಗಾಂಶದ ಕಲ್ಚರ್ 45ಕ್ಕೆ ಕುಸಿದಿತ್ತು.

ನಮ್ಮ ನಾಡಿನಲ್ಲಿ ಈ ಕಥೆ ಕೆಡುವುದು ಬಹುಪಾಲು ಇಲ್ಲೇ ಎಂದು ನನಗನ್ನಿಸುತ್ತದೆ. ಹಲವು ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರದಂತೆ, ಮಾರಿದ್ದಕ್ಕೆ ಲೆಕ್ಕ ಇಡುವಂತೆ ಎಚ್1 ಪಟ್ಟಿ 2014ರಿಂದ ಜಾರಿಯಲ್ಲಿದೆ. ಅಂಗಡಿಯ ಕೌಂಟರಿನಲ್ಲಿ ಅದು ಎಷ್ಟು ಜಾರಿಯಲ್ಲಿದೆ ಎಂಬುದು ಓದುಗರಿಗೇ ಗೊತ್ತು. ಅಂಗಡಿಯವನನ್ನಷ್ಟೇ ದೂರಿ ಫಲವಿಲ್ಲ. ಮಂಡಿ ಬದಲಿಸಿದ ಗಾಯ ಸೋರುತ್ತಿದೆ ಎಂದು ಹೋದರೆ ‘ಒಂದು ವಾರ ಈ ಮಾತ್ರೆ ತಗೊಳ್ಳಿ, ನೋಡೋಣ’ ಎಂದು ಬರೆದುಕೊಡುವವರು ವೈದ್ಯರೇ. ಆ ಒಂದು ವಾರದಲ್ಲಿ ರೋಗ ವಾಸಿಯಾಗುವುದಿಲ್ಲ, ಸಾಕ್ಷ್ಯ ಮಾತ್ರ ಅಳಿಸಿಹೋಗುತ್ತದೆ. ರೋಗಿಗೆ ನಂಜೇರಿ ಪ್ರಾಣಕ್ಕೆ ಬಂದಿದ್ದರೆ ಮಾತು ಬೇರೆ, ತಡಮಾಡುವಂತಿಲ್ಲ. ತಿಂಗಳುಗಟ್ಟಲೆ ಮಂದವಾಗಿ ನೋಯುತ್ತಿರುವ ಕೀಲಿಗೆ ಎರಡು ವಾರ ಮಾತ್ರೆ ನಿಲ್ಲಿಸಿ ಆಮೇಲೆ ಮಾದರಿ ತೆಗೆಯಲು ಏನಡ್ಡಿ?

ಬ್ಯಾಕ್ಟೀರಿಯಾ ಸಿಕ್ಕಿತೆಂದು ಹಿಗ್ಗಿ ಎಡವಿದ ಪ್ರಸಂಗವೂ ಉಂಟು. 2001ರಲ್ಲಿ ಬರ್ಮಿಂಗ್‌ಹ್ಯಾಮ್‌ನ ತಂಡವೊಂದು ಸಯಾಟಿಕಾ ರೋಗಿಗಳ ಬೆನ್ನಿನ ಡಿಸ್ಕ್‌ಗಳಲ್ಲಿ ಇದೇ ಆ್ಯಕ್ನೆಸ್ ಕಂಡಿತು. 2013ರಲ್ಲಿ ಡೆನ್ಮಾರ್ಕಿನವರು ಎಂಆರ್‌ಐನಲ್ಲಿ ಒಂದು ಬಗೆಯ ಬದಲಾವಣೆಯಿದ್ದ 162 ಬೆನ್ನುನೋವಿನ ರೋಗಿಗಳ ಪ್ರಯೋಗದಲ್ಲಿ ನೂರು ದಿನ ಆ್ಯಂಟಿಬಯಾಟಿಕ್ ಕೊಟ್ಟು ಒಳ್ಳೆಯ ಗುಣ ಬಂತೆಂದರು. ಬೆನ್ನುನೋವಿಗೆ ಮಾತ್ರೆ ಸಿಕ್ಕಿತೆಂದು ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. 2019ರಲ್ಲಿ ನಾರ್ವೆಯವರು 180 ಮಂದಿಯಲ್ಲಿ ಮೂರು ತಿಂಗಳ ಅಮಾಕ್ಸಿಸಿಲಿನ್ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಡಿಸ್ಕ್‌ನಲ್ಲಿ ಕಂಡದ್ದರಲ್ಲಿ ಎಷ್ಟು ಪಾಲು ಚರ್ಮದಿಂದ ಸೂಜಿ-ಚಾಕುವಿಗೆ ಅಂಟಿ ಬಂದದ್ದು ಎಂಬ ಜಗಳ ಇನ್ನೂ ಮುಗಿದಿಲ್ಲ.

ಚಿಕಿತ್ಸೆಗೆ ಬಂದರೆ, ಮೊದಲ ತೀರ್ಮಾನ ಔಷಧದ್ದಲ್ಲ, ಲೋಹದ್ದು. ಉಳಿಸುವುದೋ ತೆಗೆಯುವುದೋ? ಆಪರೇಷನ್ನಾದ ಕೆಲವೇ ವಾರಗಳಲ್ಲಿ ಸೋಂಕು ಕಂಡು, ಕೀಲು ಗಟ್ಟಿಯಾಗಿ ಕೂತಿದ್ದರೆ, ಪಾಚಿ ಇನ್ನೂ ಎಳೆಯದು; ಒಳಗೆ ಚೆನ್ನಾಗಿ ತೊಳೆದು, ಬದಲಿಸಬಹುದಾದ ಪ್ಲಾಸ್ಟಿಕ್ ಭಾಗ ಬದಲಿಸಿ, ಕೀಲನ್ನು ಉಳಿಸಿಕೊಳ್ಳಬಹುದು. ತಿಂಗಳುಗಳು ಕಳೆದು ಸಡಿಲಾಗಿದ್ದರೆ ತೆಗೆಯಲೇಬೇಕು. ತೆಗೆದು ಅದೇ ದಿನ ಹೊಸದು ಹಾಕುವ ಪದ್ಧತಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬುಕ್‌ಹೋಲ್ಟ್ಸ್ ಬೆಳೆಸಿದ್ದು. ಮೂಳೆ-ಸಿಮೆಂಟಿಗೆ ಜೆಂಟಾಮೈಸಿನ್ ಕಲಸುವ ಉಪಾಯವನ್ನು 1970ರಲ್ಲಿ ಲೋಕಕ್ಕೆ ತಿಳಿಸಿದ್ದೂ ಅವರೇ. ತೆಗೆದು, ಔಷಧ ತುಂಬಿದ ಸಿಮೆಂಟಿನ ತುಂಡನ್ನು ನಡುವೆ ಇಟ್ಟು, ವಾರಗಟ್ಟಲೆ ಕಾದು ಹೊಸ ಕೀಲು ಹಾಕುವುದು ಇನ್ನೊಂದು ಪದ್ಧತಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದು. ಮುರಿದ ಮೂಳೆಯ ಪ್ಲೇಟಿನ ಲೆಕ್ಕ ಬೇರೆ. ಮೂಳೆ ಕೂಡುವವರೆಗೆ ಸೋಂಕನ್ನು ಔಷಧದಿಂದ ಅದುಮಿಟ್ಟುಕೊಂಡು, ಕೂಡಿದ ಮೇಲೆ ಪ್ಲೇಟು ಕಿತ್ತರೆ ಕಳ್ಳನ ಮನೆಯೇ ಹೋದಂತೆ. ಪ್ಲೇಟು ಅಲುಗಾಡುತ್ತಿದ್ದರೆ ಅದಕ್ಕೂ ಕಾಯುವಂತಿಲ್ಲ.

ಔಷಧಗಳಲ್ಲಿ ಒಂದಕ್ಕೆ ಇಲ್ಲಿ ವಿಶೇಷ ಸ್ಥಾನ, ಅದು ರಿಫಾಂಪಿಸಿನ್. ಸ್ಟ್ಯಾಫಿಲೋಕಾಕಸ್‌ನ ಪಾಚಿಯೊಳಗೂ ಕೆಲಸ ಮಾಡುತ್ತದೆ. 1998ರಲ್ಲಿ ಸ್ವಿಟ್ಜರ್ಲೆಂಡಿನ ಝಿಮ್ಮರ್ಲಿ ತಂಡ ಇಂಪ್ಲಾಂಟ್ ಉಳಿಸಿಕೊಂಡ ರೋಗಿಗಳಿಗೆ ಸಿಪ್ರೊಫ್ಲಾಕ್ಸಸಿನ್ ಜೊತೆ ಇದನ್ನು ಕೊಟ್ಟಿತು. ಚಿಕಿತ್ಸೆ ಪೂರೈಸಿದವರಲ್ಲಿ ಜೋಡಿ ಔಷಧ ಪಡೆದ 12ರಲ್ಲಿ 12 ಮಂದಿಯೂ, ಸಿಪ್ರೊ ಮಾತ್ರ ಪಡೆದ 12ರಲ್ಲಿ 7 ಮಂದಿಯೂ ಗುಣವಾದರು. ಸಣ್ಣ ಪ್ರಯೋಗವೇ, ಆದರೂ ಜಗತ್ತಿನ ಚಿಕಿತ್ಸಾಸೂಚಿಗಳೆಲ್ಲ ಅದರ ಮೇಲೆ ನಿಂತಿವೆ. ಒಂಟಿಯಾಗಿ ಕೊಟ್ಟರೆ ದಿನಗಳಲ್ಲೇ ಬ್ಯಾಕ್ಟೀರಿಯಾ ಪ್ರತಿರೋಧ ಕಲಿಯುತ್ತದೆ. ಗಾಯ ಸೋರುವುದು ನಿಲ್ಲುವ ಮೊದಲು ಶುರುಮಾಡಬಾರದು. ಯುರೋಪಿನ ಸೂಚಿಯನ್ನು ಕಣ್ಣುಮುಚ್ಚಿ ಇಲ್ಲಿಗೆ ತರುವವರು ಮರೆಯುವ ಇನ್ನೊಂದು ಮಾತಿದೆ. ಇದು ಕ್ಷಯದ ಮೂಲ ಔಷಧ, ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಜೊತೆಗೆ ಕೊಡುವ ಲಿವೊಫ್ಲಾಕ್ಸಸಿನ್ ಕೂಡ ಕ್ಷಯದ ಮೇಲೆ ಕೆಲಸ ಮಾಡುತ್ತದೆ. ಶ್ವಾಸಕೋಶದಲ್ಲೋ ಆ ಕೀಲಿನಲ್ಲೇ ಕ್ಷಯ ಅಡಗಿದ್ದು ಇವೆರಡನ್ನು ಕೊಟ್ಟರೆ ಅದನ್ನು ಅರೆಬರೆ ತಟ್ಟಿ, ಔಷಧಕ್ಕೆ ಬಗ್ಗದಂತೆ ತರಬೇತಿ ಕೊಟ್ಟಂತೆ. ನಮ್ಮಲ್ಲಿ ಆ ಐದಾರು ಚೂರುಗಳಲ್ಲಿ ಒಂದು ಕ್ಷಯದ ಪರೀಕ್ಷೆಗೂ ಹೋಗಲೇಬೇಕು.

ಆಸ್ಪತ್ರೆಯ ಎಪಿಡರ್ಮಿಡಿಸ್ ತಳಿಗಳು ಹೆಚ್ಚಿನವು ಮೆಥಿಸಿಲಿನ್ ಜಾತಿಯ ಔಷಧಕ್ಕೆ ಬಗ್ಗುವುದಿಲ್ಲ, ವ್ಯಾಂಕೊಮೈಸಿನ್ ಬೇಕಾಗುತ್ತದೆ. ಆ್ಯಕ್ನೆಸ್ ತದ್ವಿರುದ್ಧ. ಹಳೆಯ, ಅಗ್ಗದ ಪೆನಿಸಿಲಿನ್-ಅಮಾಕ್ಸಿಸಿಲಿನ್‌ಗೆ ಅದು ಈಗಲೂ ಬಗ್ಗುತ್ತದೆ. ‘ಗಾಳಿ ಒಗ್ಗದ ಬ್ಯಾಕ್ಟೀರಿಯಾ’ ಎಂಬ ಮಾತು ಓದಿ ಕೈ ತಾನೇ ಮೆಟ್ರೊನಿಡಜೋಲ್ ಬರೆಯುವುದುಂಟು. ಅದಕ್ಕೆ ಮಾತ್ರ ಇದು ಜಗ್ಗುವುದಿಲ್ಲ.

ಎಷ್ಟು ದಿನ, ಯಾವ ದಾರಿ? ಆರು ವಾರ ಡ್ರಿಪ್ ಹಾಕಿಕೊಂಡು ಮಲಗಬೇಕೆಂಬ ಹಳೆಯ ನಂಬಿಕೆಯನ್ನು 2019ರಲ್ಲಿ ಬ್ರಿಟನ್ನಿನ ಒವಿವಾ ಪ್ರಯೋಗ ಅಲುಗಾಡಿಸಿತು. 1,054 ಮಂದಿಯಲ್ಲಿ, ನರದ ಮೂಲಕ ಔಷಧ ಪಡೆದವರಲ್ಲಿ 14.6 ಶೇಕಡಾ, ಬಾಯಿಯ ಮೂಲಕ ಪಡೆದವರಲ್ಲಿ 13.2 ಶೇಕಡಾ ವಿಫಲ. ಊರಿಂದ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯ ಹತ್ತಿರ ರೂಮು ಮಾಡಿಕೊಂಡು ಕೂರುವ ನಮ್ಮವರಿಗೆ ಇದು ದೊಡ್ಡ ಸಮಾಧಾನ. ಕೃತಕ ಕೀಲಿನಲ್ಲಿ ಅವಧಿಯನ್ನು ಆರು ವಾರಕ್ಕೆ ಇಳಿಸಬಹುದೇ ಎಂದು ಫ್ರಾನ್ಸಿನವರು 2021ರಲ್ಲಿ ನೋಡಿದಾಗ ಮಾತ್ರ ಕೈಸುಟ್ಟುಕೊಂಡರು. ಆರು ವಾರದವರಲ್ಲಿ 18.1 ಶೇಕಡಾ, ಹನ್ನೆರಡು ವಾರದವರಲ್ಲಿ 9.4 ಶೇಕಡಾ ಸೋಂಕು ಉಳಿಯಿತು.

ತಡೆಯ ಮಾತು ಚಿಕ್ಕದು. ಜಾನ್ ಚಾರ್ನ್ಲಿ 1960ರ ದಶಕದಲ್ಲಿ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಗಾಜಿನ ಗೂಡಿನಂಥ ಶುದ್ಧಗಾಳಿಯ ಕೋಣೆ ಕಟ್ಟಿ, ಉಸಿರನ್ನೂ ಹೊರಗೆಳೆಯುವ ಉಡುಪು ತೊಟ್ಟು ಸೊಂಟದ ಕೀಲು ಬದಲಿಸಿದರು, ಸೋಂಕು ಶೇಕಡಾ ಒಂದರ ಆಸುಪಾಸಿಗೆ ಇಳಿಯಿತು. ಗಾಳಿ ಶುದ್ಧವಾದರೂ ರೋಗಿಯ ಜಿಡ್ಡಿನ ಗ್ರಂಥಿ ಅಲ್ಲೇ ಇರುತ್ತದಲ್ಲ. ಮೇಲಿಂದ ಬಳಿಯುವ ಕ್ಲೋರ್‌ಹೆಕ್ಸಿಡಿನ್ ಅದರ ಆಳಕ್ಕೆ ಇಳಿಯದು. ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮನ್ನು ಭುಜದ ಆಪರೇಷನ್ನಿಗೆ ಕೆಲವು ದಿನ ಮೊದಲಿಂದ ಹಚ್ಚಿದರೆ ಆ್ಯಕ್ನೆಸ್ ಗಣನೀಯವಾಗಿ ಇಳಿಯುತ್ತದೆ. ಹಿಂದಿನ ರಾತ್ರಿ ರೇಜರಿನಿಂದ ಕೂದಲು ಬೋಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದು ಹೇಳಿ ವರ್ಷಗಳೇ ಆದವು. ನಮ್ಮ ವಾರ್ಡ್‌ಬಾಯ್‌ಗಳ ಕಿವಿಗೆ ಅದಿನ್ನೂ ಬಿದ್ದಂತಿಲ್ಲ.

ಮಾವನ ಭುಜವನ್ನು ಕೊನೆಗೆ ಒಬ್ಬ ಹುಡುಗ ಸರ್ಜನ್ ನೋಡಿದರು. ಚೀಲ ಬಗ್ಗಿಸಿ ಎಲ್ಲ ಕಾಗದ ಓದಿದರು, ‘ಮೂರು ವಾರ ಯಾವ ಮಾತ್ರೆಯೂ ಬೇಡ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ’ ಎಂದರು. ಅತ್ತೆಗೆ ಸಿಟ್ಟು ಬಂತು. ಇಷ್ಟು ದಿನ ಆದಮೇಲೆ ಮದ್ದು ನಿಲ್ಲಿಸಿ ಅನ್ನುವ ಡಾಕ್ಟರನ್ನು ಅವರು ನೋಡಿರಲಿಲ್ಲ. ಮೂಳೆ ಕೂಡಿದ್ದರಿಂದ ಪ್ಲೇಟು ತೆಗೆದರು. ಎರಡು ಸ್ಕ್ರೂ ಬೆರಳಲ್ಲೇ ತಿರುಗುವಷ್ಟು ಸಡಿಲಾಗಿದ್ದವು, ಕೀವೆಂಬುದು ತೊಟ್ಟೂ ಇರಲಿಲ್ಲ. ಐದು ಚೂರು ಐದು ಡಬ್ಬಿಯಲ್ಲಿ, ಆರನೆಯದು ಕ್ಷಯಕ್ಕೆ. ಸರ್ಜನ್ ತಾವೇ ಲ್ಯಾಬಿಗೆ ಫೋನು ಮಾಡಿ 14 ದಿನ ಇಡಿ ಎಂದರಂತೆ. ಆರನೆಯ ದಿನ ನಾಲ್ಕು ಡಬ್ಬಿಗಳಲ್ಲಿ ಆ್ಯಕ್ನೆಸ್ ಬೆಳೆಯಿತು. ಆರು ವಾರ ಅಮಾಕ್ಸಿಸಿಲಿನ್. ಬಿಲ್ಲು ನೋಡಿ ಮಾವ ‘ಇಷ್ಟೇನಾ?’ ಎಂದು ಎರಡು ಸಲ ಕೇಳಿದರು. ಈಗ ಅದೇ ಕೈಯಲ್ಲಿ ತಲೆ ಬಾಚಿಕೊಳ್ಳುತ್ತಾರೆ. ಪ್ಲೇಟನ್ನೂ ಸ್ಕ್ರೂಗಳನ್ನೂ ಕೇಳಿ ಇಸಿದುಕೊಂಡು, ಕುದಿಸಿ, ಒಂದು ಮಾತ್ರೆಡಬ್ಬಿಯಲ್ಲಿ ಹಾಕಿ ಆ ಹಳದಿ ಚೀಲದಲ್ಲೇ ಇಟ್ಟಿದ್ದಾರೆ. ಬಂದವರ ಮುಂದೆ ಡಬ್ಬಿ ಅಲ್ಲಾಡಿಸಿ ಸದ್ದು ಕೇಳಿಸುತ್ತಾರೆ.